ಕೇಳದೆ ಕೊಟ್ಟ ಕೊಸರು

ತಕಮಾತ್ಸುವಿನಲ್ಲಿ ಯಾರಿಗಾದರೂ ಹಳೆಯ ಕಾಲದ ಗಿಡ್ಡಮೇಜು ಬೇಕಾದರೆ ಉದೋನ್ ಶಾವಿಗೆ ಮಾರುವ ಅಂಗಡಿಯ ಹೆಂಗಸಿನಿಂದ ಹಿಡಿದು ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವವನವರೆಗೆ ಎಲ್ಲರೂ ಒಂದೇ ಹೆಸರು ಹೇಳುತ್ತಿದ್ದರು. "ಮಿಯಾತಾಕೆ ಹಿಸಕಿಚಿ ಹತ್ರ ಹೋಗಿ" ಎನ್ನುತ್ತಿದ್ದರು. ಆಮೇಲೆ ಸ್ವಲ್ಪ ಯೋಚಿಸಿ, "ಮಂಡಿ ನೋವಿದ್ರೆ ಮಾತ್ರ ಬೇಡ" ಎಂದೂ ಸೇರಿಸುತ್ತಿದ್ದರು.

ಮಂಡಿಯ ಮಾತು ಯಾಕೆಂದರೆ, ಹಿಸಕಿಚಿ ಯಾರಿಗೂ ಮೇಜನ್ನು ನಿಂತ ನಿಲುವಿನಲ್ಲಿ ಮಾರಿದವರಲ್ಲ. ಬಂದವರು ಚಪ್ಪಲಿ ಬಿಟ್ಟು, ಅವರು ಹಾಸಿದ ಚಾಪೆಯ ಮೇಲೆ ಮಂಡಿ ಮಡಿಸಿ ಕೂತು, ಕೊಳ್ಳಬೇಕೆಂದಿರುವ ಮೇಜಿನ ಮೇಲೆಯೇ ಇಟ್ಟ ಒಂದು ಬಟ್ಟಲು ಚಹಾವನ್ನು ಪೂರ್ತಿ ಕುಡಿಯಬೇಕು. ಅಷ್ಟು ಹೊತ್ತೂ ಅವರು ಎದುರಿಗೆ ಕೂತು ಗಿರಾಕಿಯ ಮೊಣಕೈಯನ್ನೇ ನೋಡುತ್ತಿರುತ್ತಿದ್ದರು. ಮೊಣಕೈ ತಾನಾಗಿ ಮೇಜಿನ ಅಂಚಿಗೆ ಬಂದು ಕೂತರೆ ಮೇಜು ಒಪ್ಪಿತು ಎಂದು ಲೆಕ್ಕ. ಕೈ ಮಡಿಲಲ್ಲೇ ಉಳಿದರೆ, "ಇದು ನಿಮ್ದಲ್ಲ, ಇನ್ನೊಂದು ನೋಡೋಣ" ಎಂದು ಅದನ್ನು ಎತ್ತಿ ಬದಿಗಿಡುತ್ತಿದ್ದರು. ಒಮ್ಮೆ ಒಸಾಕಾದಿಂದ ಬಂದ ಸಾಹುಕಾರನೊಬ್ಬ ಚೆರ್ರಿ ಮರದ ಚೆಂದದ ಮೇಜೊಂದನ್ನು ಗೋಡೆಗೆ ನೇತುಹಾಕುತ್ತೇನೆ, ಅಲಂಕಾರಕ್ಕೆ, ಅಂದ. ಹಿಸಕಿಚಿ ಅವನಿಗೆ ಚಹಾ ಕೊಟ್ಟರು, ಹುರುಳಿ ಹೂರಣದ ಸಿಹಿ ಕೊಟ್ಟರು, ರೈಲು ನಿಲ್ದಾಣಕ್ಕೆ ಹೋಗುವ ದಾರಿ ಹೇಳಿಕೊಟ್ಟರು. ಮೇಜೊಂದನ್ನು ಮಾತ್ರ ಕೊಡಲಿಲ್ಲ.

ಊಟದ ಹೊತ್ತಿಗೆ ಕಾಲು ಬಿಡಿಸಿ, ಹಾಸಿಗೆ ಹಾಸುವ ಹೊತ್ತಿಗೆ ಕಾಲು ಮಡಿಸಿ ಗೋಡೆಗೆ ಒರಗಿಸುವ ದುಂಡು ಚಾಬುದಾಯ್ ಎಂದರೆ ಅವರಿಗೆ ಪ್ರಾಣ. ಅರಮನೆಯ ಪೀಠ, ಪಂಡಿತರ ಬರಹದ ಮೇಜು, ಇವೆಲ್ಲ ಬೇರೆ ವ್ಯಾಪಾರಿಗಳ ಪಾಲು. ಹಿಸಕಿಚಿಗೆ ಬೇಕಾದದ್ದು ನಾಲ್ಕೈದು ಜನ ಸುತ್ತ ಕೂತು ಉಂಡ ಮೇಜು. ದ್ವೀಪಗಳಲ್ಲಿ ಯಾರ ಮನೆಯಾದರೂ ಖಾಲಿಯಾಗುತ್ತಿದೆ ಎಂದು ಗೊತ್ತಾದರೆ ತಮ್ಮ ಪುಟ್ಟ ಟ್ರಕ್ಕನ್ನು ದೋಣಿಗೆ ಹತ್ತಿಸಿಕೊಂಡು ಹೊರಟೇಬಿಡುತ್ತಿದ್ದರು.

ಆದರೆ ತಂದ ಮೇಜನ್ನು ಹಾಗೇ ಮಾರುತ್ತಿದ್ದರೇ? ಅದೊಂದು ಮಾತು ಕೇಳಬೇಡಿ. ಕೆಟಲ್ ಸುಟ್ಟ ಉಂಗುರ, ಸೋಯಾ ಸಾಸಿನ ಕಲೆ, ಅಜ್ಜನ ಸಿಗರೇಟಿನ ಕಪ್ಪುಚುಕ್ಕೆ, ಮಕ್ಕಳು ಚಾಕುವಿನಲ್ಲಿ ಕೆತ್ತಿದ ಗೀಟು, ಎಲ್ಲವನ್ನೂ ಬಡಗಿಯ ಹತ್ತರಿಯಿಂದ ಹೆರೆದು, ಮೇಲ್ಮೈಯನ್ನು ಮಗುವಿನ ಕೆನ್ನೆಯಷ್ಟು ನಯ ಮಾಡಿ, ತೆಳುವಾಗಿ ಮೆರುಗೆಣ್ಣೆ ಬಳಿದ ಮೇಲೆಯೇ ಅದು ಅಂಗಡಿಯ ಮುಂದಕ್ಕೆ ಬರುತ್ತಿದ್ದದ್ದು. "ಹೊಸ ಮನೆಗೆ ಹೋಗೋ ಮೇಜಿಗೆ ಹಳೇ ಮನೆಯವರ ಜಗಳ ಯಾಕೆ?" ಎನ್ನುತ್ತಿದ್ದರು. ನಲವತ್ತೈದು ವರ್ಷ ಹತ್ತರಿ ಎಳೆದ ಕೈ. ಅವರು ಹೆರೆದ ಸುರುಳಿಯ ಆಚೆ ಪೇಪರ್ ಹಿಡಿದರೆ ಅಕ್ಷರ ಓದಬಹುದಿತ್ತು. ಸುತ್ತಮುತ್ತಲ ಊರುಗಳ ವ್ಯಾಪಾರಿಗಳೆಲ್ಲ ಅವರ ಹತ್ತಿರ ಬಂದು ಈ ವಿದ್ಯೆ ಕಲಿತುಕೊಂಡು ಹೋಗಿದ್ದರು.

ಇನ್ನೊಂದು ಚಾಳಿಯೂ ಇತ್ತು, ಕೊಸರು ಕೊಡುವುದು. ಮರದ ತೊಟ್ಟಿ ಮಾಡುತ್ತಿದ್ದ ಅವರಪ್ಪ, ಗಿರಾಕಿ ಕೇಳಿದ್ದಕ್ಕಿಂತ ಒಂದು ಗುಲಗಂಜಿಯಷ್ಟಾದರೂ ಹೆಚ್ಚು ಮಾಡಿಕೊಡಬೇಕೆಂದು ಮಗನ ಕಿವಿ ಹಿಂಡಿ ಹೇಳಿದ್ದರು. ಹಾಗಾಗಿ ಯಾರಾದರೂ ಕಾಲಿನ ತಿರುಪು ಸಡಿಲವಾಗಿದೆ ಎಂದು ಮೇಜು ತಂದರೆ, ಕಾಲಿನ ಜೊತೆಗೆ ಮೈಯೂ ಹೊಸದಾಗಿ ಹೊರಗೆ ಬರುತ್ತಿತ್ತು. ಅದಕ್ಕೆ ದುಡ್ಡಿಲ್ಲ. ಜನ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದರು, ಹಿಸಕಿಚಿ ಅದಕ್ಕಿಂತ ಒಂದು ಗೇಣು ಹೆಚ್ಚು ಬಗ್ಗುತ್ತಿದ್ದರು.

ಆ ವರ್ಷ ಮೇ ತಿಂಗಳ ಮೊದಲ ಭಾನುವಾರ. ದೇವಸ್ಥಾನದ ಅಂಗಳದಲ್ಲಿ, ಕರ್ಪೂರದ ಮರಗಳ ಕೆಳಗೆ ತಿಂಗಳಿಗೊಮ್ಮೆ ಸೇರುವ ಹಳೆ ಸಾಮಾನಿನ ಸಂತೆ. ಹಿಸಕಿಚಿ ಒಂಬತ್ತು ಮೇಜು ತಂದಿದ್ದರು. ಎಂಟು ಥಳಥಳ ಹೊಳೆಯುತ್ತಿದ್ದವು. ಒಂಬತ್ತನೆಯದು ಹಿಂದಿನ ದಿನವಷ್ಟೇ ಶೋದೊ ದ್ವೀಪದಿಂದ ಬಂದದ್ದು, ಮೆತ್ತನೆಯ ದೇವದಾರು ಮರ, ಒಂದು ಕಾಲು ಅಲ್ಲಾಡುತ್ತಿತ್ತು. ಅದನ್ನು ಹಿಂದೆ, ಟ್ರಕ್ಕಿನ ಚಕ್ರಕ್ಕೆ ಒರಗಿಸಿಟ್ಟಿದ್ದರು.

ಹುಲ್ಲಿನ ಟೋಪಿ ಹಾಕಿಕೊಂಡ, ಅರವತ್ತೈದು ದಾಟಿದ ಹೆಂಗಸೊಬ್ಬರು ಬಂದು ಎಂಟು ಮೇಜುಗಳನ್ನೂ ಮರ್ಯಾದೆಗೆ ಎಂಬಂತೆ ನೋಡಿದರು. ಒಂಬತ್ತನೆಯದರ ಮುಂದೆ ಬಗ್ಗಿದವರು ಏಳಲೇ ಇಲ್ಲ.

"ಅದು ಇನ್ನೂ ಮುಖ ತೊಳೆದಿಲ್ಲ ತಾಯಿ. ಈ ಕಡೆ ನೋಡಿ, ಚೆನ್ನಾಗಿರೋದು ಇದೆ" ಎಂದರು ಹಿಸಕಿಚಿ.

"ಪರವಾಗಿಲ್ಲ, ಇದರ ಮುಂದೆ ಸ್ವಲ್ಪ ಕೂತ್ಕೊಳ್ಲಾ?"

ಕೂತರು. ಚಹಾ ಬರುವ ಮೊದಲೇ ಎರಡೂ ಮೊಣಕೈ ಮೇಜಿನ ಮೇಲೆ ಬಂದುಬಿಟ್ಟಿದ್ದವು. ಹಿಸಕಿಚಿಗೆ ಖುಷಿಯಾಯಿತು. ಫ್ಲಾಸ್ಕ್ ಖಾಲಿಯಾಗಿದ್ದರಿಂದ ಬಿಸಿನೀರು ತರಲು ದೇವಸ್ಥಾನದ ಅಡುಗೆಮನೆಗೆ ಹೋದರು. ಅಲ್ಲಿ ಸಾಲು ಉದ್ದವಿತ್ತು. ಅವರು ಹಿಂತಿರುಗಿ ಬರುವ ಹೊತ್ತಿಗೆ ಆಕೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ಕೂತಿದ್ದರು. ಮುಖದಲ್ಲಿ ಮಾತ್ರ ಏನೋ ಒಂದು ನಗು.

"ನಾನು ಮನಾಬೆ. ಮೂವತ್ತೆಂಟು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಹೇಳಿದೀನಿ" ಎಂದು ಆಕೆ ಪರಿಚಯ ಹೇಳಿಕೊಂಡರು. "ಈ ಮೇಜು ನಂಗೆ ಬೇಕು. ಕಾಲೊಂದು ಗಟ್ಟಿ ಮಾಡ್ಕೊಡಿ, ಸಾಕು. ಮೇಲುಗಡೆ ಹೀಗೇ ಇರಲಿ. ನೀವು ಸುಮ್ನೆ ತೊಂದರೆ ತಗೋಬೇಡಿ."

ಎಡವಟ್ಟಾದದ್ದು ಇಲ್ಲಿಯೇ. ಹೀಗೇ ಇರಲಿ, ತೊಂದರೆ ತಗೋಬೇಡಿ ಎಂಬ ಮಾತನ್ನು ಹಿಸಕಿಚಿ ನಲವತ್ತೈದು ವರ್ಷದಲ್ಲಿ ಸಾವಿರ ಸಲ ಕೇಳಿದ್ದರು. ಸಾವಿರ ಸಲವೂ ಅದು ಬರೀ ಸಂಕೋಚ. ಮಾಡಿಕೊಟ್ಟರೆ ಸಂತೋಷ, ಬಾಯಿಬಿಟ್ಟು ಕೇಳುವುದು ಹೇಗೆ ಎನ್ನುವ ಮರ್ಯಾದಸ್ಥರ ಮಾತು. ಈ ಊರಿನಲ್ಲಿ ಇನ್ನೊಂದು ಬಟ್ಟಲು ಅನ್ನ ಬೇಕಾದವರೂ ಮೊದಲು ಸಾಕು ಎನ್ನುತ್ತಾರೆ. ಬೇಡ ಎಂದವರ ಬಾಯಲ್ಲಿ ನಿಜವಾಗಿಯೂ ಬೇಡ ಇರಬಹುದು ಎಂದು ಹಿಸಕಿಚಿಗೆ ಹೊಳೆಯುವುದಾದರೂ ಹೇಗೆ?

ಆ ತಿಂಗಳು ಬೇರೆ ಕೆಲಸ ಬದಿಗಿಟ್ಟರು. ಕಾಲಿಗೆ ಹೊಸ ಬೆಣೆ ಕೊಟ್ಟರು. ಆಮೇಲೆ ಟೀಚರ್ ಎಂಬ ಗೌರವಕ್ಕೆ, ಮಂಡಿ ಮಡಿಸಿ ಅರ್ಧ ಗಂಟೆ ಕೂತ ಆ ಪ್ರೀತಿಗೆ, ಹತ್ತರಿಯ ಅಲಗನ್ನು ಎರಡೆರಡು ಸಲ ಮಸೆದು ಮೇಲ್ಮೈಯನ್ನು ಹೆರೆಯತೊಡಗಿದರು. ಎಡಗಡೆ ಏನೋ ತಗ್ಗುತಗ್ಗು ಗೆರೆಗಳಿದ್ದವು. ಮೆತ್ತನೆ ಮರವಲ್ಲವೇ, ನಾಲ್ಕು ಸಲ ಎಳೆದರೆ ಹೋದವು. ಅಂಥ ಹೊಳಪು ತಮ್ಮ ಕೈಯಿಂದ ಬಂದು ಎಷ್ಟೋ ವರ್ಷವಾಗಿತ್ತು ಎಂದು ಅವರಿಗೇ ಅನಿಸಿತು.

ಜೂನ್ ಸಂತೆಗೆ ಟೀಚರ್ ಬಂದರು. ಹಿಸಕಿಚಿ ಬಟ್ಟೆಯ ಗಂಟು ಬಿಚ್ಚಿ ಮೇಜನ್ನು ತೋರಿಸಿ, ಕೈ ಹಿಂದೆ ಕಟ್ಟಿಕೊಂಡು ನಿಂತರು. ಟೀಚರ್ ನೋಡಿದರು. ಕಣ್ಣು ಒಂದು ಸಲ ಮುಚ್ಚಿ ತೆರೆಯಿತು. ಕೈ ಮೇಜಿನ ಎಡಗಡೆಗೆ ಹೋಯಿತು, ಅಲ್ಲೇ ಸುತ್ತಿತು, ಅಂಚಿನವರೆಗೂ ಹೋಗಿ ಮತ್ತೆ ಅಲ್ಲಿಗೇ ಬಂತು.

"ಎಷ್ಟು ಚೆನ್ನಾಗಾಗಿದೆ. ತುಂಬಾ ಶ್ರಮ ತಗೊಂಡಿದೀರಿ" ಎಂದು ಆಳವಾಗಿ ಬಗ್ಗಿದರು. ಹಿಸಕಿಚಿ ಇನ್ನೂ ಆಳವಾಗಿ ಬಗ್ಗಿದರು. ಲಕೋಟೆಯಲ್ಲಿಟ್ಟ ದುಡ್ಡು ಕೈ ಬದಲಾಯಿತು. ಟೀಚರ್ ಟ್ಯಾಕ್ಸಿಯಲ್ಲಿ ಮೇಜಿಟ್ಟುಕೊಂಡು ಹೋದರು.

ಪಕ್ಕದಲ್ಲಿ ಹಳೇ ಗಡಿಯಾರ ಮಾರುವ ದೋಯಿ ಕೂತಿದ್ದ. ಇಬ್ಬರದೂ ಮೂವತ್ತು ವರ್ಷದ ಅಕ್ಕಪಕ್ಕದ ಅಂಗಡಿ, ಮೂವತ್ತು ವರ್ಷದ ಕಾಲೆಳೆದಾಟ.

"ಲೋ ಹಿಸ, ಏನೋ ಮಾಡ್ದೆ ಆ ಮೇಜಿಗೆ?" ಎಂದ ದೋಯಿ.

"ಏನ್ ಮಾಡ್ದೆ ಅಂದ್ರೆ? ನಿನ್ನ ಗಡಿಯಾರದ ಥರ ನಿಂತ ಕಾಲದಲ್ಲೇ ನಿಲ್ಬೇಕಿತ್ತಾ? ನೀಟಾಗಿ ಮಾಡಿದೀನಿ."

"ನೀಟಾಗಿ ಕೆಡಿಸಿದೀಯ. ಹೋದ ತಿಂಗಳು ನೀನು ನೀರು ತರೋಕೆ ಹೋದಾಗ ಆಯಮ್ಮ ಕಣ್ಮುಚ್ಕೊಂಡು ಮೇಜಿನ ಮೇಲೆ ಬೆರಳಾಡಿಸ್ತಾ ಕೂತಿದ್ರು ಮಾರಾಯ. ಏನಮ್ಮಾ ಅಂತ ಕೇಳ್ದೆ. 'ಯಾವುದೋ ಮಗು ಒತ್ತಿ ಒತ್ತಿ ಬರೆದಿದೆ, ಮರದಲ್ಲಿ ಅಚ್ಚು ಬಿದ್ದಿದೆ, ಓದ್ತಿದೀನಿ' ಅಂದ್ರು. ಅದಕ್ಕೇ ಕಣೋ ಅವ್ರು ಆ ಮೇಜು ತಗೊಂಡಿದ್ದು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಬೇಡ ಅಂತ ಅವ್ರೇ ಹೇಳಿದ್ರಲ್ಲೋ! ಬೇಡ ಅಂದ್ಮೇಲೂ ನೀನು ಉಜ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?"

ಹಿಸಕಿಚಿ ಚಾಪೆಯ ಮೇಲೆ ಕುಸಿದು ಕೂತರು. ಆ ಎಡಗಡೆಯ ತಗ್ಗುಗೆರೆಗಳು ಈಗ ಅವರ ಕಣ್ಣಿಗೆ ಕಟ್ಟಿದವು. ಹೆರೆದ ಸುರುಳಿಗಳನ್ನು ಸ್ನಾನದ ಒಲೆಗೆ ಹಾಕಿ ಹದಿನೈದು ದಿನವಾಗಿತ್ತು. ನಾಚಿಕೆ ಎಂದರೆ ಎಂಥ ನಾಚಿಕೆ, ಕಿವಿಯವರೆಗೂ ಬಿಸಿಯಾಯಿತು. ಅಂದು ಇನ್ನೊಂದು ಮೇಜನ್ನೂ ಮಾರದೆ ಟ್ರಕ್ ತುಂಬಿಸಿಕೊಂಡು ಮನೆಗೆ ಬಂದರು.

ಮರುದಿನ ಫೋನ್ ಮಾಡಿ ಕ್ಷಮೆ ಕೇಳಿದರು. ಟೀಚರ್, "ಅಯ್ಯೋ, ಅದೆಲ್ಲ ಏನಿಲ್ಲ, ಮೇಜು ಕನ್ನಡಿ ಥರ ಇದೆ, ದಿನಾ ಒರೆಸ್ತಿದೀನಿ" ಎಂದರು. ಬೈದಿದ್ದರೆ ಮನಸ್ಸು ಹಗುರವಾಗುತ್ತಿತ್ತು. ಫೋನ್ ಇಟ್ಟ ಹಿಸಕಿಚಿ ಹೆಂಡತಿ ಕಿನುಯೊ ಕಡೆ ತಿರುಗಿ, "ಮಗು ಬರೆದ ಮೇಜು ಇನ್ನೊಂದು ಹುಡುಕಿ ಕೊಟ್ಟೇ ಕೊಡ್ತೀನಿ. ಅಲ್ಲಿವರೆಗೂ ಹತ್ತರಿ ಮುಟ್ಟಲ್ಲ" ಎಂದು ಘೋಷಿಸಿದರು. ಕಿನುಯೊ ಸೌತೆಕಾಯಿ ಹೆಚ್ಚುತ್ತಿದ್ದವರು ಕತ್ತೆತ್ತಿ ಒಂದು ಸಲ ನೋಡಿ, ಮತ್ತೆ ಹೆಚ್ಚತೊಡಗಿದರು.

ಅಲ್ಲಿಂದ ಶುರುವಾಯಿತು ಅಲೆದಾಟ. ಜೀವನವಿಡೀ ಮಾರಿದವರು ಈಗ ಗಿರಾಕಿಯಾಗಿ ಹೊರಟರು. ಮರುಗಾಮೆಯ ಸಂತೆ, ಸಮುದ್ರ ದಾಟಿ ಒಕಾಯಾಮಾದ ಸಂತೆ, ತೊಕುಶಿಮಾದ ಹರಾಜು. ಯಾವ ಅಂಗಡಿಗೆ ಹೋದರೂ ಚಪ್ಪಲಿ ಬಿಟ್ಟು ಕೂತು, ಕಣ್ಣು ಮುಚ್ಚಿ ಮೇಜಿನ ಮೈ ಸವರುತ್ತಿದ್ದರು. ಎಲ್ಲವೂ ನುಣ್ಣಗೆ. ಕೈಯಿಟ್ಟರೆ ಜಾರಬೇಕು.

"ಹೇಗಿದೆ ಅಣ್ಣ?" ಎಂದು ಒಕಾಯಾಮಾದ ವ್ಯಾಪಾರಿ ಎದೆಯುಬ್ಬಿಸಿ ಕೇಳಿದ. "ಒಂದು ಗೀಟು ತೋರಿಸಿ ನೋಡೋಣ! ಎಲ್ಲಾ ನೀವು ಹೇಳ್ಕೊಟ್ಟಿದ್ದೇ."

"ಚೆನ್ನಾಗಿದೆ" ಎಂದರು ಹಿಸಕಿಚಿ ಅಳುದನಿಯಲ್ಲಿ. "ಉಜ್ಜದೇ ಇರೋದು ಯಾವುದೂ ಇಲ್ವಾ?"

"ಛೆ ಛೆ, ನಿಮಗೆ ಅಂಥದ್ದು ತೋರಿಸಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಉಜ್ಜದ ಮೇಜುಗಳೂ ಸಿಗದೆ ಇರಲಿಲ್ಲ. ಆದರೆ ಒಂದರಲ್ಲಿ ಬೆಕ್ಕಿನ ಉಗುರು, ಇನ್ನೊಂದರಲ್ಲಿ ಬರೀ ಸಿಗರೇಟಿನ ಚುಕ್ಕೆಗಳು, ಮತ್ತೊಂದರಲ್ಲಿ ಯಾರೋ ಮೀನು ಕತ್ತರಿಸಿದ ಚಾಕುವಿನ ಏಟು. ಸೆಪ್ಟೆಂಬರಿನಲ್ಲಿ ಒಂದು ಕಡೆ ಅಕ್ಷರದಂಥದ್ದು ಬೆರಳಿಗೆ ಸಿಕ್ಕಿ ಅವರ ಎದೆ ಹಾರಿತು. ಬೆಳಕಿಗೆ ಹಿಡಿದು ನೋಡಿದರೆ ಹೆಂಡದಂಗಡಿಯ ಲೆಕ್ಕ. ಬೇಸರದಲ್ಲಿ ಆ ಮೇಜನ್ನು ಹಾಗೇ ಬಿಟ್ಟು ಬಂದರು.

ಹೀಗೆ ಅಲೆಯುತ್ತ ಅಲೆಯುತ್ತ ಅವರಿಗೊಂದು ವಿಷಯ ಅರ್ಥವಾಗತೊಡಗಿತು. ತಾವು ಒಬ್ಬ ಟೀಚರ ಮೇಜನ್ನಷ್ಟೇ ಉಜ್ಜಿದ್ದಲ್ಲ. ಎಷ್ಟು ಮನೆಗಳ ಎಷ್ಟು ಮಕ್ಕಳ ಬರಹವನ್ನು ಈ ಕೈ ಒಲೆಗೆ ಹಾಕಿದೆಯೋ! ದೋಣಿಯ ಕಟಕಟೆ ಹಿಡಿದು ನಿಂತು ತಮ್ಮ ಅಂಗೈಯನ್ನು ನೋಡಿಕೊಳ್ಳುತ್ತಿದ್ದರು. ಅದೇ ದೋಣಿಯ ಕಂಪನಿಯಲ್ಲಿ ಕೆಲಸ ಮಾಡುವ ಅವರ ಮಗ ಕೆಂಗೊ, "ಅಪ್ಪಾ, ಇನ್ನೆಷ್ಟು ಸಲ ಹೋಗ್ತೀಯ? ನಿಂಗೆ ಪಾಸ್ ಮಾಡಿಸಿಕೊಡ್ಲಾ?" ಎಂದು ತಮಾಷೆ ಮಾಡಿದ. ಅವರು ನಗಲಿಲ್ಲ.

ಡಿಸೆಂಬರ್ ಬಂತು. ವರ್ಷದ ಕೊನೆಯ ದೊಡ್ಡ ಸಂತೆಯ ದಿನ ಹಿಸಕಿಚಿ ಮನೆಯಲ್ಲಿ ಇದ್ದದ್ದೇ ಇಲ್ಲ. ಈ ಸಲ ಮಾತ್ರ, ಹೊಳೆಯುವ ಮೇಜುಗಳ ಮುಖ ನೋಡಲು ಮನಸ್ಸಾಗದೆ ಬೆಳಿಗ್ಗೆ ಎದ್ದು ಊಟದ ಮೇಜಿಗೆ ಮೊಣಕೈಯೂರಿ ಕೂತುಬಿಟ್ಟರು. ಊರಿಗೆ ಊರೇ ವರ್ಷದ ಕೊನೆಯ ಶುದ್ಧಿಯಲ್ಲಿ ತೊಡಗಿತ್ತು. ಕಿನುಯೊ ತಲೆಗೆ ಬಟ್ಟೆ ಕಟ್ಟಿಕೊಂಡು, ಬಕೆಟ್ಟು ಹಿಡಿದುಕೊಂಡು ಬಂದವರು ಗಂಡನನ್ನು ನೋಡಿ ಬಾಗಿಲಲ್ಲೇ ನಿಂತರು.

"ಏನ್ರೀ, ಸಂತೆಗೆ ಹೋಗಲ್ವಾ?"

"ಇಲ್ಲ."

"ಹೋಗಿ ಬನ್ರೀ, ಗಾಳಿಗಾದ್ರೂ."

"ಇಲ್ಲ ಅಂದ್ನಲ್ಲ."

ಕಿನುಯೊ ಬಕೆಟ್ಟನ್ನು ಕೈಯಿಂದ ಕೈಗೆ ಬದಲಾಯಿಸಿದರು. ಕಂಕುಳಲ್ಲಿ ಹೊಸ ಪ್ಲಾಸ್ಟಿಕ್ ಹಾಸಿನ ಸುರುಳಿ. ಮನೆಯ ಊಟದ ಮೇಜಿನ ಮೇಲೆ ನೀಲಿ ಹೂವಿನ ಪ್ಲಾಸ್ಟಿಕ್ ಹಾಸು ಇತ್ತು. ಅದಕ್ಕೂ ಮುಂಚೆ ಕೆಂಪು ಚೌಕುಳಿಯದು, ಅದಕ್ಕೂ ಮುಂಚೆ ಹಣ್ಣಿನ ಚಿತ್ರದ್ದು. ಊರಿನವರಿಗೆಲ್ಲ ಹೊಳೆಯುವ ಮೇಜು ಕೊಟ್ಟವರು ಸ್ವಂತ ಮನೆಯಲ್ಲಿ ಪ್ಲಾಸ್ಟಿಕ್ ಮೇಲೆ ಉಣ್ಣುತ್ತಾರೆ ಎಂದು ದೋಯಿ ಹಂಗಿಸುತ್ತಿದ್ದ. ಹಿಸಕಿಚಿಗೆ ಆ ಕಡೆ ಗಮನವೇ ಇರಲಿಲ್ಲ. ಹಾಸು ಯಾವಾಗ ಬದಲಾಗುತ್ತದೆ ಎಂಬುದನ್ನೂ ಅವರು ನೋಡಿದವರಲ್ಲ.

ಕೊನೆಗೆ ಕಿನುಯೊ ಬಕೆಟ್ಟು ಕೆಳಗಿಟ್ಟರು.

"ಆರು ತಿಂಗಳಿಂದ ದೇಶ ಸುತ್ತಿದ್ರಿ. ನಿಮ್ಮ ಮೊಣಕೈ ಕೆಳಗೆ ಏನಿದೆ ಅಂತ ನೋಡಿದೀರಾ?" ಎಂದು ಅಂಚಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಪ್ಲಾಸ್ಟಿಕ್ ಹಾಸನ್ನು ಸರಕ್ಕನೆ ಎಳೆದರು.

ಕೆಳಗೆ ಮಬ್ಬುಬಣ್ಣದ ಹಳೆಯ ಮೇಜು, ಮದುವೆಯ ವರ್ಷ ಕೊಂಡದ್ದು. ಅದರ ಮೈತುಂಬ ಸಣ್ಣ ಸಣ್ಣ ತಗ್ಗು. ಕಿಟಕಿಯ ಬೆಳಕು ಅಡ್ಡ ಬಿದ್ದಾಗ ಅಕ್ಷರಗಳು ಎದ್ದವು. ಕೆಂಗೊ, ಕೆಂಗೊ, ಕೆಂಗೊ. ಕೂಡುವ ಲೆಕ್ಕ, ತಪ್ಪು ಉತ್ತರ, ಅದನ್ನು ಹೊಡೆದುಹಾಕಿದ ಗೀಟು. ಹಿಸಕಿಚಿ ಮಂಡಿಯೂರಿದರು.

"ಇದು... ಯಾವಾಗಿಂದ?"

"ಕೆಂಗೊ ಎರಡನೇ ಕ್ಲಾಸಲ್ಲಿದ್ದಾಗಿಂದ. ಹಾಳೆ ಕೆಳಗೆ ಅಡಿಹಲಗೆ ಇಟ್ಕೊಂಡು ಬರಿಯೋ ಅಂದ್ರೆ ಎಲ್ಲಿ ಕೇಳ್ತಿದ್ದ ಅವ್ನು!"

"ಮೂವತ್ತೈದು ವರ್ಷ ಮುಚ್ಚಿಟ್ಯಾ? ನನ್ನಿಂದ?"

"ಇನ್ಯಾರಿಂದ?" ಎಂದರು ಕಿನುಯೊ. "ಕಣ್ಣಿಗೆ ಬಿದ್ದಿದ್ರೆ ನಿಮ್ಮ ಕೈ ಸುಮ್ನಿರ್ತಿತ್ತಾ? ಒಂದು ಭಾನುವಾರ ನಾನು ಮಾರ್ಕೆಟ್ಟಿಗೆ ಹೋಗಿ ಬರೋದ್ರೊಳಗೆ ಕನ್ನಡಿ ಮಾಡಿ ಇಟ್ಟಿರ್ತಿದ್ರಿ. ಕೊಸರು ಬೇರೆ! ಅದಕ್ಕೇ, ನೀವು ಸಂತೆಗೆ ಹೋದ ದಿನಾನೇ ನೋಡ್ಕೊಂಡು ಹಾಸು ಬದಲಾಯಿಸ್ತಿದ್ದೆ."

ಹಿಸಕಿಚಿ ಮೇಜಿನ ಮೈ ಮೇಲೆ ಬೆರಳಿಟ್ಟರು. ಹೆಂಡತಿ ಹೇಳಿದ್ದು ಅಕ್ಷರಶಃ ನಿಜ. ಬೆರಳು ಸರಿಸುತ್ತ ಹೋದಾಗ ಮೇಜಿನ ಬಲಗಡೆ, ತಾವು ದಿನಾ ಸಾರಿನ ಬಟ್ಟಲು ಇಡುವ ಜಾಗದಲ್ಲಿ, ಒಂದು ಉದ್ದನೆಯ ಸಾಲು ಸಿಕ್ಕಿತು. ಶಾಲೆಯ ಪ್ರಬಂಧವಿರಬೇಕು. ಮಗು ಒತ್ತಿ ಒತ್ತಿ ಬರೆದಿತ್ತು: ನಮ್ಮಪ್ಪ ಎಲ್ಲವನ್ನೂ ಹೊಸದು ಮಾಡುತ್ತಾರೆ.

ಅವರು ಅದರ ಮೇಲೆ ಅಂಗೈ ಇಟ್ಟರು. ಕಣ್ಣಲ್ಲಿ ನೀರು ಬಂತು. ಕಿನುಯೊ ನೋಡಿಯೂ ನೋಡದವರಂತೆ ಕಿಟಕಿ ಒರೆಸಿದರು.

ಮಧ್ಯಾಹ್ನದ ಹೊತ್ತಿಗೆ ಹಿಸಕಿಚಿ ಬಾಯಿ ತೆರೆದರು. "ಟೀಚರ್‌ಗೆ ಮಾತು ಕೊಟ್ಟಿಲ್ಲ. ಆದ್ರೆ ನನಗೆ ನಾನು ಕೊಟ್ಕೊಂಡಿದೀನಿ."

"ಗೊತ್ತು" ಎಂದರು ಕಿನುಯೊ. "ಅದಕ್ಕೇ ಆರು ತಿಂಗಳು ಬಾಯಿ ಮುಚ್ಕೊಂಡಿದ್ದೆ. ತೋರಿಸಿದ್ರೆ ತಗೊಂಡೇ ಹೋಗ್ತೀರಿ ಅಂತ ಗೊತ್ತಿತ್ತು. ತಗೊಂಡ್ಹೋಗಿ. ನಿಮ್ಮ ಮುಖ ಹೀಗೆ ಇನ್ನೊಂದು ವರ್ಷ ನೋಡೋಕೆ ನನ್ನಿಂದಾಗಲ್ಲ."

ಮೇಜಿನ ಕಾಲು ಮಡಿಸಿ, ಕಂಬಳಿ ಸುತ್ತಿ, ಪುಟ್ಟ ಟ್ರಕ್ಕಿನಲ್ಲಿಟ್ಟರು. ಕಿನುಯೊ ಹೊರಗೆ ಬಂದು ಕಂಬಳಿಯ ಒಂದು ಮೂಲೆಯನ್ನು ಸರಿಮಾಡಿ, ಮತ್ತೆ ಒಳಗೆ ಹೋದರು.

ಮನಾಬೆ ಟೀಚರ ಮನೆ ಬೆಟ್ಟದ ಬುಡದ ಓಣಿಯಲ್ಲಿತ್ತು. ಒಬ್ಬರೇ ಇರುವ, ಚೊಕ್ಕಟವಾದ ಎರಡು ಕೋಣೆ. ಕಿತ್ತಳೆಹಣ್ಣು ಕೊಟ್ಟರು, ಚಹಾ ಕೊಟ್ಟರು. ಹಿಸಕಿಚಿ ಉಜ್ಜಿದ ದೇವದಾರು ಮೇಜು ಕೋಣೆಯ ನಡುವೆ ಥಳಥಳ ಹೊಳೆಯುತ್ತಿತ್ತು, ಅದರ ಮೇಲೆ ಏನೂ ಇರಲಿಲ್ಲ. ಅತಿಥಿಗಳಿಗೆಂದೇ ಮೀಸಲಿಟ್ಟ ಕೋಣೆಯಂತೆ ಅದನ್ನು ಬಳಸದೆ ಹಾಗೇ ಇಟ್ಟಿದ್ದರು.

ಹಿಸಕಿಚಿ ಹಣೆ ಚಾಪೆಗೆ ತಾಗುವಂತೆ ಬಗ್ಗಿದರು. "ಟೀಚರ್, ನಿಮ್ಮ ಮೇಜಿನಲ್ಲಿದ್ದ ಮಗುನ ನಾನು ಅಳಿಸಿಬಿಟ್ಟೆ. ಇದು ನನ್ನ ಮಗ ಬರೆದ ಮೇಜು. ದಯವಿಟ್ಟು ಇಟ್ಕೊಳ್ಳಿ."

ಟೀಚರ್ ಕಂಬಳಿ ಬಿಚ್ಚಿದರು. ಕಣ್ಣು ಮುಚ್ಚಿ ಬೆರಳಾಡಿಸಿದರು. ತಪ್ಪು ಲೆಕ್ಕ ಸಿಕ್ಕಿದಾಗ ಕಿಸಕ್ಕನೆ ನಕ್ಕರು. ಉದ್ದನೆಯ ಸಾಲನ್ನು ಎರಡು ಸಲ ಓದಿ, ಕಣ್ಣು ತೆರೆದು ಎದುರಿಗಿದ್ದ ಮುದುಕನನ್ನು ನೋಡಿದರು.

"ಆ ಮೇಜಿನಲ್ಲಿ ಏನಿತ್ತು ಗೊತ್ತಾ?" ಎಂದರು. "'ಬೆಕ್ಕು ಬಂತು, ಬೆಕ್ಕು ಹೋಯ್ತು.' ಮೂರು ಸಲ. ನಾಲ್ಕನೇ ಸಲ 'ಬೆಕ್ಕು' ಅಂತ ಬರೆದು ಅಲ್ಲೇ ನಿದ್ದೆ ಹೋಗಿರ್ಬೇಕು. ಮೂವತ್ತೆಂಟು ವರ್ಷ ನಾನು ಸಾಲು ಸಾಲು ಡೆಸ್ಕಿನ ಮಧ್ಯೆ ಓಡಾಡ್ತಾ, ಅಡಿಹಲಗೆ ಇಡಿ, ಅಡಿಹಲಗೆ ಇಡಿ, ಹಾಳೆ ಕೆಳಗೆ ಅಚ್ಚು ಬೀಳುತ್ತೆ ಅಂತ ಹೇಳಿದ್ದೇ ಹೇಳಿದ್ದು. ಎಷ್ಟು ಸಾವಿರ ಮಕ್ಕಳು ನನ್ನ ಮುಂದೆ ಬರೆದ್ರೋ! ಒಂದು ಅಕ್ಷರದ ಗುರುತೂ ಎಲ್ಲೂ ಉಳಿದಿಲ್ಲ. ನಾನೇ ಉಳಿಯೋಕೆ ಬಿಡ್ಲಿಲ್ಲ. ಸಂತೆಯಲ್ಲಿ ಅದನ್ನ ಮುಟ್ಟಿದಾಗ, ನನ್ನ ಕೈಗೆ ಸಿಗದೆ ತಪ್ಪಿಸಿಕೊಂಡಿದ್ದ ಒಂದು ಮಗು ಸಿಕ್ಕ ಹಾಗಾಯ್ತು."

ಹಿಸಕಿಚಿ ಇನ್ನೂ ಬಗ್ಗಿಯೇ ಇದ್ದರು. ಇಬ್ಬರೂ ಒಂದೇ ಕಸುಬಿನವರು ಎಂದು ಅವರಿಗೆ ಆಗ ಅನಿಸಿತು.

"ಏಳಿ" ಎಂದರು ಟೀಚರ್. "ಇದನ್ನ ನಾನು ಇಟ್ಕೊಳ್ಳಲ್ಲ."

"ಸಂಕೋಚ ಪಡ್ಬೇಡಿ ಟೀಚರ್..."

"ಮಿಯಾತಾಕೆಯವರೇ!" ಒಂದನೇ ಕ್ಲಾಸಿನ ದನಿ ಹೊರಗೆ ಬಂತು. "ನಾನು ಹೀಗೇ ಇರಲಿ ಅಂದ್ರೆ ಹೀಗೇ ಇರಲಿ. ಬೇಡ ಅಂದ್ರೆ ಬೇಡ. ಈಗಲಾದ್ರೂ ಕೇಳಿಸ್ಕೊಳ್ತೀರಾ?"

"ಕೇಳಿಸ್ತು" ಎಂದರು ಹಿಸಕಿಚಿ, ನೆಟ್ಟಗೆ ಕೂತು.

"ಇದು ನಿಮ್ಮನೇಲೇ ಇರ್ಬೇಕು. ನನ್ನ ಮೇಜಿಗೆ ಬೇಕಾಗಿರೋದನ್ನ ನೀವೇ ಕೊಡಿ."

ಟೀಚರ್ ಎದ್ದು ಒಂದು ತೆಳು ಹಾಳೆಯನ್ನೂ ಮೊನೆ ಚೂಪು ಮಾಡಿದ ಪೆನ್ಸಿಲನ್ನೂ ತಂದು ಹೊಳೆಯುವ ಮೇಜಿನ ಮೇಲಿಟ್ಟರು. "ನಿಮ್ಮ ಹೆಸರು ಬರೀರಿ."

ಹಿಸಕಿಚಿ ಗಾಬರಿಯಾಗಿ ಆಚೀಚೆ ನೋಡಿದರು. ಕಪಾಟಿನ ಪಕ್ಕದಲ್ಲಿ ಹಳೆಯ ಪ್ಲಾಸ್ಟಿಕ್ ಅಡಿಹಲಗೆಯೊಂದು ಕಂಡಿತು. ಕೈ ಚಾಚಿ ತೆಗೆದುಕೊಂಡು ಹಾಳೆಯ ಕೆಳಗೆ ಸೇರಿಸಲು ಹೋದರು. ಟೀಚರ್ ಅದನ್ನು ಅವರ ಕೈಯಿಂದ ಕಿತ್ತುಕೊಂಡು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

ಬರೆದರು. ಹಾಳೆ ಎತ್ತಿದರೆ ಮರದ ಮೇಲೆ ಏನೂ ಇಲ್ಲ. ನಲವತ್ತೈದು ವರ್ಷ ಗೀಟು ಬೀಳದಂತೆ ಬದುಕಿದ ಕೈಗೆ ಒತ್ತಲು ಬರುತ್ತಿರಲಿಲ್ಲ.

"ಒತ್ತಿ ಬರೀರಿ."

ಎರಡನೇ ಸಲವೂ ಆಗಲಿಲ್ಲ. ಹಣೆಯಲ್ಲಿ ಬೆವರು.

"ಊಟ ಮಾಡಿ ಬಂದಿಲ್ವಾ ನೀವು? ಇನ್ನೂ ಒತ್ತಿ!"

ಮೂರನೇ ಸಲ ಹಿಸಕಿಚಿ ನಾಲಿಗೆಯನ್ನು ತುಟಿಯ ಮೂಲೆಗೆ ಕಚ್ಚಿಕೊಂಡು, ಬೆನ್ನು ಬಗ್ಗಿಸಿ, ಎಪ್ಪತ್ತೊಂದು ವರ್ಷದ ಭಾರವನ್ನೆಲ್ಲ ಆ ಮೊನೆಯ ಮೇಲೆ ಹಾಕಿ ಬರೆದರು. ಕೊನೆಯ ಅಕ್ಷರಕ್ಕೆ ಸೀಸ ಮುರಿಯಿತು. ಟೀಚರ್ ಹಾಳೆ ಎತ್ತಿ, ಮೇಜಿನ ಒಂದು ಅಂಚನ್ನು ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರು. ಎಡಗಡೆ, ಬೆಕ್ಕು ಬಂದು ಹೋದ ಜಾಗದಲ್ಲಿಯೇ, ಒಂದನೇ ಕ್ಲಾಸಿನ ಹುಡುಗ ಬರೆದಂತೆ ವಕ್ರವಕ್ರವಾಗಿ ನಿಂತಿತ್ತು: ಹಿಸಕಿಚಿ.

ಅವರ ಹೆಬ್ಬೆರಳು ತಾನಾಗಿಯೇ ಮುಂದೆ ಹೋಗಿ ಆ ತಗ್ಗನ್ನು ಉಜ್ಜತೊಡಗಿತು. ಟೀಚರ್ ಆ ಕೈಯ ಮೇಲೆ ಪಟ್ಟನೆ ಒಂದು ಏಟು ಕೊಟ್ಟರು.

ಸಂಜೆ ಟ್ರಕ್ಕಿನ ಸದ್ದು ಕೇಳಿ ಕಿನುಯೊ ಬಾಗಿಲಿಗೆ ಬಂದರು. ಕಂಬಳಿ ಸುತ್ತಿದ ಮೇಜನ್ನು ನೋಡಿ ಬಾಯಿಗೆ ಕೈ ಇಟ್ಟುಕೊಂಡರು. ಹಿಸಕಿಚಿ ಅದನ್ನು ಒಳಗೆ ತಂದು, ಕಾಲು ಬಿಡಿಸಿ, ಹಳೆಯ ಜಾಗದಲ್ಲಿ ಇಟ್ಟರು. ಕಿನುಯೊ ಮೂಲೆಯಲ್ಲಿದ್ದ ಹೊಸ ಹಾಸಿನ ಸುರುಳಿಗೆ ಕೈ ಹಾಕಿದಾಗ ಅವರು ತಲೆ ಅಲ್ಲಾಡಿಸಿದರು.

"ಬೇಡ."

ಕಿನುಯೊ ಗಂಡನ ಮುಖವನ್ನೇ ನೋಡಿದರು. "ನಿಜವಾಗ್ಲೂ ಬೇಡ್ವಾ, ಇಲ್ಲ ಸುಮ್ನೆ ಹೇಳ್ತಿದೀರಾ?"

"ನಿಜವಾಗ್ಲೂ ಬೇಡ."

"ಹತ್ತರಿ ಎಲ್ಲಿದೆ?"

"ಅಂಗಡೀಲಿ."

"ಅಲ್ಲೇ ಇರ್ಲಿ" ಎಂದು ಕಿನುಯೊ ಸಾರಿನ ಬಟ್ಟಲುಗಳನ್ನು ತಂದರು. ಗಂಡನ ಬಟ್ಟಲನ್ನು ಬಲಗಡೆ ಎಂದಿನ ಜಾಗದಲ್ಲಿಡಲು ಹೋಗಿ, ಮಗನ ಆ ಸಾಲು ಮುಚ್ಚದಂತೆ ಒಂದು ಗೇಣು ಈಚೆಗೆ ಇಟ್ಟರು.